ಒಬ್ಬರ ಗಾಳಿ, ಇಬ್ಬರ ಗಾಳಿ

ಟೈರಿನ ಬಗ್ಗೆ ಬರೆಯಲು ಏನಿದೆ ಎಂದು ನನ್ನ ತಂಗಿಯ ಮಗ ಕೇಳಿದ. ಬೇರೆ ಯಾರಾದರೂ ಕೇಳಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಅವನೇ ಈಗ ಶಿವಮೊಗ್ಗದ ಗೋಪಾಳದಲ್ಲಿ ಟೈರಿನ ಅಂಗಡಿ ತೆರೆದು ಕೂತಿದ್ದಾನೆ. "ಮಾವ, ರಬ್ಬರು ಸವೆಯುತ್ತೆ, ಬದಲಾಯಿಸ್ತೀವಿ. ಗಾಳಿ ಇಳಿಯುತ್ತೆ, ತುಂಬ್ತೀವಿ. ಮುಗೀತಲ್ಲ?" ಎಂದ.

ಮುಗಿಯಲಿಲ್ಲ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಎದುರು ಪಕ್ಷದವನು ಇಷ್ಟು ಅಗ್ಗವಾಗಿ ಮಾತು ಮುಗಿಸಿ ಕೂತರೆ ಎದ್ದು ನಿಲ್ಲದೆ ಇರುವುದು ನನ್ನ ಜಾಯಮಾನವಲ್ಲ. ಅವನಿಗೂ, ಅವನ ಹಾಗೆ ಈ ಕಸುಬಿಗೆ ಹೊಸದಾಗಿ ಬರುವವರಿಗೂ ಇದು ನನ್ನ ಉತ್ತರ. ನಾನು ಯಾವಾಗ ಮ್ಯಾನೇಜರ್ ಆದೆ, ನಿವೃತ್ತಿಯ ದಿನ ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರ ಟೈರೂ ಒಂದು ಮೈಲಿ ಹೆಚ್ಚು ಓಡುವುದಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದಲ್ಲಿ, ಶಿವಮೊಗ್ಗದಲ್ಲಿ. ಸೇರಿದ ಬಗೆ ಹೀಗೆ. ಅಂತರಕಾಲೇಜು ಚರ್ಚೆಯ ವಿಷಯ 'ಯಂತ್ರಗಳಿಂದ ಮನುಷ್ಯನಿಗೆ ಸುಖವಿಲ್ಲ'. ಬೆಳಗಿನ ಸುತ್ತಿನಲ್ಲಿ ಪರವಾಗಿ ಮಾತಾಡಿ ಗೆದ್ದೆ. ಸಂಜೆ ಕೊನೆಯ ಸುತ್ತಿನಲ್ಲಿ ಚೀಟಿ ಎತ್ತಿದಾಗ ವಿರೋಧ ಬಂತು, ಅದರಲ್ಲೂ ಗೆದ್ದೆ. ಬಹುಮಾನದ ಕಪ್ಪು ಕೊಟ್ಟವರು ಟೈರಿನ ವ್ಯಾಪಾರಿ ಮಹದೇವಪ್ಪನವರು. ಹಣೆಯ ತುಂಬ ವಿಭೂತಿ, ಖಾದಿ ಕೋಟು, ಯಾರನ್ನೂ ನಂಬದ ಕಣ್ಣು. ಕಪ್ಪನ್ನು ನನ್ನ ಕೈಗೆ ಕೊಡುವ ಮೊದಲು ಅರೆಗಳಿಗೆ ಹಿಡಿದೇ ನಿಂತರು.

"ಬೆಳಿಗ್ಗೆ ಸುಖ ಇಲ್ಲ ಅಂದೆ. ಈಗ ಇದೆ ಅಂತೀಯ. ಯಾವುದಪ್ಪ ನಿಜ?"

"ಯಾವ ಪಕ್ಷ ಕೊಟ್ರೆ ಅದು, ಸಾರ್."

"ಹಂಗಾದ್ರೆ ನೀನು ವ್ಯಾಪಾರಕ್ಕೆ ಲಾಯಕ್ಕು. ನಿನ್ಹತ್ರ ಬಾಯಿದೆ, ಕೆಲಸ ಇಲ್ಲ. ನಮ್ಮಂಗಡೀಲಿ ಕೆಲಸ ಇದೆ, ಬಾಯಿ ಸಾಲದು. ಸೋಮವಾರ ಬಾ."

ಹೋದೆ. ಅಂಗಡಿಯಲ್ಲಿ ಹೆಚ್ಚಿನ ವ್ಯಾಪಾರ ಬಸ್ಸು, ಲಾರಿಗಳದ್ದು. ಮೋಟರ್‌ಸೈಕಲ್ ಇಟ್ಟವರು ಊರಲ್ಲಿ ಕಡಿಮೆ. ಅವರು ಬಂದರೆ ಅದೊಂದು ಪ್ರತ್ಯೇಕ ಮರ್ಯಾದೆ. ಮೋಟರ್‌ಸೈಕಲ್ಲಿಗೆ ಗಾಳಿ ಹಿಡಿಯುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕೆಂಬುದು ಮಹದೇವಪ್ಪನವರ ಕಟ್ಟಪ್ಪಣೆ: "ಒಬ್ರಾ, ಇಬ್ರಾ?"

ಅರ್ಥ ಸರಳ. ಸವಾರ ಒಬ್ಬನೇ ಹೋಗುವುದಾದರೆ ಹಿಂದಿನ ಚಕ್ರಕ್ಕೆ ಇಪ್ಪತ್ತೆರಡು ಪೌಂಡು ಗಾಳಿ. ಹಿಂದೆ ಇನ್ನೊಬ್ಬರು ಕೂರುವುದಾದರೆ ಇಪ್ಪತ್ತೆಂಟು. ಮುಂದಿನ ಚಕ್ರಕ್ಕೆ ಅಷ್ಟು ವ್ಯತ್ಯಾಸ ಬೀಳುವುದಿಲ್ಲ. ಗಾಡಿಗಾಡಿಗೆ ಲೆಕ್ಕ ಕೊಂಚ ಹೆಚ್ಚುಕಡಿಮೆ ಆದೀತು, ಪ್ರಶ್ನೆ ಮಾತ್ರ ಬದಲಾಗದು. ನನಗೆ ಇದು ಪೂಜೆಯ ಮಂತ್ರದ ಹಾಗೆ ಕಂಡಿತು. ನಾನೋ ಮಂತ್ರಗಳನ್ನು ನಂಬದವನು.

"ಯಜಮಾನ್ರೇ, ಬಂದಿರೋನು ಒಬ್ಬನೇ ಅಂತ ಕಣ್ಣಿಗೇ ಕಾಣ್ತಿದೆಯಲ್ಲ? ಕೇಳೋದೇನು?"

"ಈಗ ಒಬ್ಬ. ಮನೆಗೆ ಹೋದ್ಮೇಲೆ? ನಿನ್ನ ಕಣ್ಣು ಅವನ ಮನೆ ಬಾಗಿಲ ತನಕ ಹೋಗುತ್ತಾ? ಬಾಯಿ ಕೊಟ್ಟಿರೋದು ಕೇಳೋದಕ್ಕೆ. ಕೇಳು."

ಆ ದಿನಗಳಲ್ಲಿ ಗಾಳಿಯ ಅಳತೆಗೋಲನ್ನು ನಂಬುವವರು ಕಡಿಮೆ. ಹೆಬ್ಬೆಟ್ಟಿನಿಂದ ಒತ್ತಿ "ಗಟ್ಟಿ ಇದೆ" ಎನ್ನುವವರು, ಸ್ಪ್ಯಾನರಿನಿಂದ ಬಡಿದು ಸದ್ದು ಕೇಳುವವರು, ಬೂಟುಗಾಲಲ್ಲಿ ಒದ್ದು ನೋಡುವವರು. ರಸ್ತೆ ಕೆಲಸದ ಕಂಟ್ರಾಕ್ಟರ್ ಒಬ್ಬರು ಹೆಬ್ಬೆಟ್ಟಿನ ಪಕ್ಷದವರು. ಅವರ ಟೈರು ಕೂಡಿಸುತ್ತಲೇ ಹೆಬ್ಬೆಟ್ಟು ಏಕೆ ಸುಳ್ಳು ಹೇಳುತ್ತದೆಂದು ನಾನು ಅವರಿಗೆ ವಿವರಿಸತೊಡಗಿದೆ. ದಪ್ಪ ಟೈರು ಗಾಳಿಯಿಲ್ಲದೆಯೂ ಗಟ್ಟಿ, ತೆಳು ಟೈರು ಗಾಳಿ ಇದ್ದೂ ಮೆತ್ತಗೆ ಎಂದು ಸಾಧಿಸಿಯೇಬಿಟ್ಟೆ. ಅವರು ಒಪ್ಪಿ ಹೊರಟರು. ತುಂಗಾ ಸೇತುವೆ ಮುಟ್ಟುವುದರೊಳಗೆ ಹಿಂದಿನ ಚಕ್ರ ನೆಲ ಕಚ್ಚಿತು. ಮಾತಿನ ಭರದಲ್ಲಿ, ಟೈರನ್ನು ರಿಮ್ಮಿಗೆ ಕೂರಿಸುವ ನನ್ನ ಲಿವರಿನ ತುದಿ ಟ್ಯೂಬನ್ನು ಕಚ್ಚಿತ್ತು. ಉರಿಬಿಸಿಲಲ್ಲಿ ಗಾಡಿ ತಳ್ಳಿಕೊಂಡು ಬಂದ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮ ಹುಡುಗನ ಭಾಷಣ ಚೆನ್ನಾಗಿತ್ತು," ಎಂದರು ಮಹದೇವಪ್ಪನವರಿಗೆ.

ಯಜಮಾನರು ನನ್ನನ್ನು ಬೈಯಲಿಲ್ಲ. "ನೋಡು ಮಾರಾಯ, ಬಾಯಿ ತೆರೀಬೇಕಾದ್ರೆ ಲಿವರ್ ಕೆಳಗಿಡು. ಲಿವರ್ ಕೈಯಲ್ಲಿದ್ರೆ ಬಾಯಿ ಮುಚ್ಕೋ," ಎಂದರು. ಈ ಕಸುಬಿನಲ್ಲಿ ನಾನು ಕಲಿತ ವಾಕ್ಯಗಳಲ್ಲಿ ಖಂಡಿಸಲು ಆಗದೇ ಹೋದದ್ದು ಇದೊಂದೇ.

ಟೈರು ಆರಿಸುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಮುಂದಿನ ಚಕ್ರಕ್ಕೆ ಉದ್ದುದ್ದ ಗೆರೆಯ ಟೈರು, ಹಿಂದಿನದಕ್ಕೆ ಚೌಕ ಚೌಕದ ಬಟನ್ ಟೈರು. ಮುಂದಿನದು ದಾರಿ ಹಿಡಿಯಬೇಕು, ಹಿಂದಿನದು ನೆಲ ಹಿಡಿಯಬೇಕು. ಆದರೆ ಆಗ ಹೊರದೇಶದ ಮಾಲು ನಿಂತು, ಇಲ್ಲಿಯದು ಸಾಕಷ್ಟು ಬಾರದ ಕಾಲ. ನಮ್ಮವರು ಒಂದು ಸಂಪ್ರದಾಯ ಮಾಡಿಕೊಂಡಿದ್ದರು: ಹಿಂದಿನ ಟೈರು ಸವೆದರೆ ಅದನ್ನು ಮುಂದಕ್ಕೆ ತಂದು, ಹೊಸದೊಂದನ್ನು ಹಿಂದಕ್ಕೆ ಹಾಕುವುದು. ಭಾರವೆಲ್ಲ ಹಿಂದೆ ತಾನೇ ಎಂಬುದು ಅವರ ತರ್ಕ. ಮಲೆನಾಡಿನ ಸವಾರರದ್ದು ಇನ್ನೊಂದು: ಕೆಸರಿನ ದಾರಿಗೆ ಗಾಳಿ ಇಳಿಸುವುದು. ಅದು ಸರಿಯೇ. ಡಾಂಬರು ಸಿಕ್ಕ ಮೇಲೆ ಮತ್ತೆ ಏರಿಸಲು ಮರೆಯುವುದು ತಪ್ಪು. ಮೆತ್ತನೆಯ ಟೈರು ಓಡುತ್ತ ಬಿಸಿಯಾಗುತ್ತದೆ, ರಿಮ್ಮಿನ ಮೇಲೆ ಜರುಗುತ್ತದೆ, ಕೊನೆಗೆ ಟ್ಯೂಬಿನ ಬಾಯನ್ನೇ ಕಿತ್ತುಹಾಕುತ್ತದೆ. ಎರಡನೆಯದನ್ನು ಹೇಳಿದರೆ ಜನ ಒಪ್ಪುತ್ತಿದ್ದರು. ಮೊದಲನೆಯದು ತಪ್ಪೆಂದರೆ ಜಗಳಕ್ಕೇ ಬರುತ್ತಿದ್ದರು.

ಹಾಗೆ ಜಗಳಕ್ಕೆ ಬಂದವರಲ್ಲಿ ಶಂಕರಪ್ಪನವರೊಬ್ಬರು.

ಮಹದೇವಪ್ಪನವರು ಭದ್ರಾವತಿಯ ನ್ಯೂ ಟೌನಿನಲ್ಲಿ ಇನ್ನೊಂದು ಅಂಗಡಿ ತೆರೆದು ನನ್ನನ್ನು ಅಲ್ಲಿಗೆ ಹಾಕಿದ್ದರು. ಶಂಕರಪ್ಪನವರು ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಮೇಸ್ತ್ರಿ. ನ್ಯೂ ಟೌನಿನಲ್ಲೇ ಕ್ವಾರ್ಟರ್ಸು. ಮಕ್ಕಳಿರಲಿಲ್ಲ. ಒಂದು ಹಳೆಯ ಇಂಗ್ಲಿಷ್ ಮೋಟರ್‌ಸೈಕಲ್ ಇತ್ತು, ಹೆಂಡತಿ ಗಿರಿಜಮ್ಮ ಇದ್ದರು. ವರ್ಷಕ್ಕೊಮ್ಮೆ ರಜೆ ಸಿಕ್ಕಾಗ ಇಬ್ಬರೂ ಗಾಡಿ ಹತ್ತಿ ಊರು ನೋಡಲು ಹೊರಡುತ್ತಿದ್ದರು. ಗೋಕರ್ಣ, ಮೈಸೂರು, ಹಂಪಿ. ಹೆಂಗಸು ಮೋಟರ್‌ಸೈಕಲ್ ಮೇಲೆ ಅಷ್ಟು ದೂರ ಹೋಗುವುದೆಂದರೆ ಊರಿನ ಇನ್ನೊಂದು ತುದಿಯ ಕಾಗದನಗರದ ತನಕ ಮಾತಾಗುತ್ತಿತ್ತು. ಗಿರಿಜಮ್ಮನವರು ಅದಕ್ಕೆ ಸೊಪ್ಪು ಹಾಕಿದವರಲ್ಲ. ಒಂದೇ ಕಡೆ ಕಾಲಿಳಿಸಿ, ಗಾಳಿ ಪಂಪನ್ನು ವೀಣೆಯ ಹಾಗೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದರು. ಗಾಡಿಗೆ ಸಿಕ್ಕಿಸಿದರೆ ದಾರಿಯಲ್ಲಿ ಎಲ್ಲಾದರೂ ಬಿದ್ದುಹೋದೀತೆಂಬ ಭಯ.

ನಮ್ಮ ಜಗಳ ನಡೆದ ವರ್ಷ ಅವರಿಗೆ ಕನ್ಯಾಕುಮಾರಿಯ ಹಟ. ಎರಡು ಟೈರೂ ಸವೆದಿದ್ದವು, ಅಂಗಡಿಯಲ್ಲಿ ಅವರ ಅಳತೆಯ ಹೊಸ ಟೈರು ಇದ್ದದ್ದು ಒಂದು.

"ಹೊಸದು ಹಿಂದಕ್ಕೆ ಹಾಕಿ," ಎಂದರು ಶಂಕರಪ್ಪ.

"ಬೇಡಿ ಸಾರ್. ಮುಂದಕ್ಕೆ."

"ಏನ್ರೀ ಲಾಯರೇ, ಇವಳು ಕೂತ್ಕೊಳ್ಳೋದು ಎಲ್ಲಿ? ಹ್ಯಾಂಡಲ್ ಮೇಲಾ?" ನ್ಯೂ ಟೌನಿನಲ್ಲಿ ಎಲ್ಲರೂ ನನ್ನನ್ನು ಲಾಯರ್ ಎಂದೇ ಕರೆಯುತ್ತಿದ್ದರು.

"ಹಿಂದಿನದು ಒಡೆದ್ರೆ ಗಾಡಿ ಬಾಲ ಅಲ್ಲಾಡಿಸುತ್ತೆ, ನೀವು ಹಿಡ್ಕೊಂಡು ನಿಲ್ಲಿಸಬಹುದು. ಮುಂದಿನದು ಒಡೆದ್ರೆ ನಿಲ್ಲಿಸೋಕೆ ಸವಾರನೇ ಇರಲ್ಲ. ಹಿಂದಕ್ಕೆ ಸವೆದಿದ್ದರಲ್ಲೇ ಒಳ್ಳೇದು ನೋಡಿ ಹಾಕ್ತೀನಿ."

"ಅವಳ ಕೆಳಗೆ ಹಳೇ ಟೈರು ಹಾಕಿ ನಾನು ಹೊಸದರ ಮೇಲೆ ಹೋಗ್ಲಾ? ಜನ ಏನಂತಾರೆ?"

"ಜನ ಟೈರು ಮಾರಲ್ಲ ಸಾರ್. ನಾನು ಮಾರ್ತೀನಿ."

ಗಿರಿಜಮ್ಮನವರು ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಎರಡೂ ಕಡೆಯ ವಾದ ಕೇಳುತ್ತಿದ್ದರು. ಕೊನೆಗೆ ಪಂಪನ್ನು ಪಕ್ಕಕ್ಕಿಟ್ಟು ಎದ್ದರು. "ರೀ, ಸಾಕು. ಮುಂದಕ್ಕೇ ಹಾಕಿಸಿ. ನೀವು ಬಿದ್ರೆ ನಾನು ಯಾರ ಹಿಂದೆ ಕೂತ್ಕೊಳ್ಳಲಿ?"

ಮುಂದಕ್ಕೆ ಹಾಕಿದೆ. ಗಾಳಿ ಹಿಡಿಯುವ ಮುನ್ನ "ಒಬ್ರಾ, ಇಬ್ರಾ?" ಎಂದೆ.

"ಕಣ್ಣು ಕಾಣಲ್ವಾ ಲಾಯರ್ ಸಾಹೇಬ್ರಿಗೆ?" ಗಿರಿಜಮ್ಮ ನಕ್ಕರು. "ಇಬ್ರು. ಯಾವಾಗ್ಲೂ ಇಬ್ರು."

ಹೊರಡುವ ಮುನ್ನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಬಾಯಿ ತೆರೆಯುವುದರೊಳಗೆ, "ನೀವು ನಂಬಬೇಡಿ ಬಿಡಿ, ಟೈರು ನಂಬುತ್ತೆ," ಎಂದರು.

ಹೋಗಿ ಬಂದರು. ಬಂದ ಮರುದಿನವೇ ಇಬ್ಬರೂ ಅಂಗಡಿಗೆ ಹಾಜರು. ಗಿರಿಜಮ್ಮನವರ ಮುಖ ಬಿಸಿಲಿಗೆ ಕರ್ರಗಾಗಿತ್ತು. ಕನ್ಯಾಕುಮಾರಿಯ ಬಣ್ಣದ ಮರಳು ತುಂಬಿದ ಒಂದು ಪುಟ್ಟ ಸೀಸೆ ನನಗೆ. ವರದಿ ಒಪ್ಪಿಸಿದ್ದು ಅವರೇ. ಮುಂದಿನ ಟೈರಿಗೆ ಏನೂ ಆಗಲಿಲ್ಲ. ಹಿಂದಿನದು ಒಂದು ಸಲ ಪಂಕ್ಚರ್. ಪಂಪು ಹೊಡೆದದ್ದು ತಾನೇ, ಇವರು ಪಕ್ಕದಲ್ಲಿ ನಿಂತು ಎಣಿಸಿದ್ದಷ್ಟೇ. "ಸಮುದ್ರ ಹೆಂಗಿತ್ತಮ್ಮ?" ಎಂದರೆ, "ಸಮುದ್ರಕ್ಕೇನು, ಇತ್ತು. ದಾರಿ ಚೆನ್ನಾಗಿತ್ತು," ಎಂದರು.

ಹೀಗೆ ಕೆಲವು ವರ್ಷ. ಆಮೇಲೆ ಮಹದೇವಪ್ಪನವರಿಗೆ ಲಕ್ವ ಹೊಡೆದು, ಶಿವಮೊಗ್ಗದ ಅಂಗಡಿ ನೋಡಿಕೊಳ್ಳಲು ನಾನು ಅಲ್ಲಿಗೆ ಮರಳಬೇಕಾಯಿತು. ಅವರ ಬಲಗಡೆ ಸತ್ತಿತ್ತು, ಮಾತು ಹೋಗಿತ್ತು. ಆದರೂ ದಿನವೂ ಲಿಂಗಪೂಜೆ ಮುಗಿದ ಮೇಲೆ ಕುರ್ಚಿಯ ಸಮೇತ ಎತ್ತಿ ತಂದು ಅಂಗಡಿಯ ಬಾಗಿಲಲ್ಲಿ ಕೂರಿಸಬೇಕು. ಮೋಟರ್‌ಸೈಕಲ್ ಬಂದು ನಿಂತರೆ ಎಡಗೈ ಎತ್ತುತ್ತಿದ್ದರು. ಮೊದಲು ಒಂದು ಬೆರಳು, ಆಮೇಲೆ ಎರಡು. ಗಿರಾಕಿಗಳಿಗೆ ಅರ್ಥವಾಗುತ್ತಿರಲಿಲ್ಲ. ನಾನು ಹೋಗಿ "ಒಬ್ರಾ, ಇಬ್ರಾ?" ಎಂದು ಗಟ್ಟಿಯಾಗಿ ಕೇಳಿದ ಮೇಲೆಯೇ ಆ ಕೈ ಕೆಳಗಿಳಿಯುತ್ತಿದ್ದುದು. ನನ್ನನ್ನು ಬಾಯಿಗಾಗಿ ಕೆಲಸಕ್ಕೆ ತೆಗೆದುಕೊಂಡವರು ಅವರು. ಕೊನೆಗೆ ನಾನು ಅವರ ಬಾಯಿಯೇ ಆದೆ. ಒಂದು ಬೇಸಿಗೆಯಲ್ಲಿ ಆ ಕುರ್ಚಿ ಖಾಲಿಯಾಯಿತು. ಅವರ ಅಣ್ಣನ ಮಗ ಅಂಗಡಿಗೆ ಕೂತ. ನಾನು ಭದ್ರಾವತಿಗೆ ಮರಳಿದೆ.

ಮರಳಿದಾಗ ಮಳೆಗಾಲ ಹಿಡಿದಿತ್ತು. ಮೊದಲ ವಾರದಲ್ಲೇ ಶಂಕರಪ್ಪನವರು ಬಂದರು. ಮೊಣಕೈಗೆ ಪಟ್ಟಿ ಕಟ್ಟಿತ್ತು. ಸೇತುವೆಯ ಮೇಲೆ ಜಾರಿತಂತೆ. ನಾನು ಮೊದಲು ಯಜಮಾನರು ಹೋದ ಸುದ್ದಿ ಹೇಳಿದೆ. ಅವರು ತಲೆಯಾಡಿಸಿ, "ಗಾಳಿ ನೋಡಿ," ಎಂದರಷ್ಟೇ.

"ಒಬ್ರಾ, ಇಬ್ರಾ?"

"ಇಬ್ರು."

ಕೂತು ಹಿಂದಿನ ಟೈರು ನೋಡಿದೆ. ಮೋಟರ್‌ಸೈಕಲ್ ಟೈರು ನಡುವೆ ತುಸು ಹೆಚ್ಚು ಸವೆಯುವುದು ಸಹಜ. ಇದು ಹಾಗಿರಲಿಲ್ಲ. ನಡುವೆ ಬೋಳಾಗಿ ಮಿಂಚುತ್ತಿತ್ತು. ಎರಡೂ ಅಂಚಿನ ಬಟನ್‌ಗಳು ಅಂಗಡಿಯಿಂದ ಹೋದ ದಿನದ ಹಾಗೇ ನಿಂತಿದ್ದವು. ಭಾರಕ್ಕಿಂತ ಗಾಳಿ ಹೆಚ್ಚಾದರೆ ಟೈರು ಉಬ್ಬಿ ನಡುಬೆನ್ನಿನ ಮೇಲಷ್ಟೇ ಓಡುತ್ತದೆ. ಒಣ ರಸ್ತೆಯಲ್ಲಿ ನಡೆದೀತು. ಮಳೆಯಲ್ಲಿ ಅದು ಸೋಪಿನ ಮೇಲೆ ನಿಂತ ಹಾಗೆ. ಜಾರಿದ್ದು ಏಕೆಂದು ಎದುರಿಗೇ ಬರೆದಿತ್ತು. ಸಾಕ್ಷ್ಯ ಸಿಕ್ಕರೆ ನನ್ನ ನಾಲಿಗೆ ನಿಲ್ಲುವುದಿಲ್ಲ.

"ಶಂಕರಪ್ಪನವರೇ, ನೀವು ಇಬ್ರು ಅಂತೀರಿ. ಟೈರು ಒಬ್ರು ಅನ್ನುತ್ತೆ. ಯಾರ ಮಾತು ನಂಬ್ಲಿ?"

ಅವರು ಕಲ್ಲುಬೆಂಚಿನ ಕಡೆ ನೋಡಿದರು.

"ಟೈರು ಸುಳ್ಳು ಹೇಳಲ್ಲ ಬಿಡಿ. ಗಿರಿಜಾ ತೀರಿಕೊಂಡ್ಲು. ಯುಗಾದಿಗೆ ಮುಂಚೆ. ಕಾಮಾಲೆ ಅಂದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಯಾರೂ ಹೇಳಿರಲಿಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ದಾರಿ ಎಷ್ಟು? ಬಸ್ಸುಗಳು ದಿನವೂ ಓಡಾಡುತ್ತವೆ. ಸುದ್ದಿ ಮಾತ್ರ ಬಂದಿರಲಿಲ್ಲ. ಆ ದಿನ ನಾನು ವಾದ ಮಾಡಲಿಲ್ಲ. ಟೈರು ಬದಲಾಯಿಸಿ, ಇಪ್ಪತ್ತೆಂಟು ಪೌಂಡು ತುಂಬಿ ಕಳಿಸಿದೆ.

ಆದರೆ ವಾರ ಕಳೆಯುವುದರೊಳಗೆ ಅವರು ಮತ್ತೆ ಬಿದ್ದರು. ಈ ಸಲ ಕೆನ್ನೆಯ ಚರ್ಮ ಕಿತ್ತಿತ್ತು. ಹಿಂದೆಯೇ ಬರುತ್ತಿದ್ದ ಲಾರಿಯವನು ಬ್ರೇಕು ಹಾಕಿದ್ದರಿಂದ ಉಳಿದರು. ಕಾರ್ಖಾನೆಯ ಜನ ಅವರನ್ನೂ ಗಾಡಿಯನ್ನೂ ಅಂಗಡಿಗೆ ತಂದು ಬಿಟ್ಟು ಹೋದರು. ಅಳತೆಗೋಲು ಇಟ್ಟು ನೋಡಿದೆ. ಇಪ್ಪತ್ತೆಂಟು. ಮನೆಯಲ್ಲೇ ದಿನವೂ ಪಂಪು ಹೊಡೆದು ಕಾಪಾಡಿಕೊಂಡಿದ್ದರು.

ಈಗ ಸುಮ್ಮನಿರುವುದು ನನ್ನಿಂದಾಗಲಿಲ್ಲ. "ಇಳಿಸ್ತೀನಿ ಸಾರ್. ಬರೀ ಆರು ಪೌಂಡು."

"ಬೇಡ."

"ಹೊಸ ಟೈರಾದ್ರೂ ಈ ಗಾಳಿಗೆ ನೆಲ ಹಿಡಿಯಲ್ಲ. ನೋಡಿದ್ರಲ್ಲ?"

"ರೇಷನ್ ಕಾರ್ಡಲ್ಲಿ ಅವಳ ಹೆಸರು ಹೊಡೆದುಹಾಕಿಸ್ದೆ. ಕ್ವಾರ್ಟರ್ಸ್ ಆಫೀಸಲ್ಲಿ ಒಬ್ರು ಅಂತ ಬರೆಸ್ದೆ. ಹಾಲಿನೋನು ಪಾವು ಸಾಕಾ ಅಂದ, ಸಾಕು ಅಂದೆ. ಎಲ್ಲಾ ಕಡೆ ಆಯ್ತು. ಇದೊಂದು ಕಡೆ ಬಿಟ್ಬಿಡಿ ಮಾರಾಯ್ರೆ."

"ಗಾಳಿಗೆ ಅದೆಲ್ಲ ಗೊತ್ತಾಗಲ್ಲ ಸಾರ್."

"ಗಾಳಿಗೆ ಗೊತ್ತಾಗಲ್ಲ. ನಂಗೆ ಗೊತ್ತಾಗುತ್ತಲ್ಲ."

"ಮತ್ತೆ ಬಿದ್ರೆ?"

"ಬಿದ್ರೆ ಬಿದ್ದೆ. ಹಿಂದೆ ಯಾರೂ ಇಲ್ವಲ್ಲ."

ಈ ಮಾತನ್ನು ಅವರು ದುಃಖದಿಂದ ಹೇಳಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದರು. ನನಗೆ ಹೆದರಿಕೆಯಾದದ್ದು ಅದಕ್ಕೇ. ನಾನು ಗೆಲ್ಲದಿದ್ದರೆ ಈ ಮನುಷ್ಯ ಈ ಮಳೆಗಾಲ ದಾಟುವುದಿಲ್ಲ ಎಂದು ಆಗ ಖಚಿತವಾಯಿತು. ಕಪ್ಪುಗಳನ್ನು ಗೆದ್ದ ವಾದಗಳೆಲ್ಲ ಆಟ, ಇದೊಂದನ್ನು ಸೋಲುವಂತಿರಲಿಲ್ಲ. ಕೈಯಲ್ಲಿದ್ದ ಲಿವರನ್ನು ಕೆಳಗಿಟ್ಟೆ.

"ಶಂಕರಪ್ಪನವರೇ, ಗಿರಿಜಮ್ಮನೋರು ಇದೇ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟಿದ್ರು. ನೆನಪಿದೆಯಾ? ಇದ್ದಿದ್ದು ಒಂದೇ ಹೊಸ ಟೈರು. ಯಾರ ಕಡೆಗೆ ಹಾಕ್ಸಿದ್ರು? ತನ್ನ ಕಡೆಗಾ?"

ಅವರು ಗಾಡಿಯ ಮುಂದಿನ ಚಕ್ರದ ಕಡೆ ನೋಡಿದರು.

"ನಿಮ್ಮ ಕಡೆಗೆ. ಹಳೇ ಟೈರಿನ ಮೇಲೆ ತಾನು ಕೂತು ಕನ್ಯಾಕುಮಾರಿ ತನಕ ಹೋಗಿ ಬಂದ್ರು. ನೀವು ಬೀಳಬಾರದು ಅಂತ. ಈಗ ಅವರ ಹೆಸರು ಹೇಳ್ಕೊಂಡು ಬೀಳ್ತಾ ಇದೀರಿ."

ಅವರು ಕೆನ್ನೆಯ ರಕ್ತ ಒರೆಸಿಕೊಂಡರು.

"ಮೋಸ ಕಣ್ರೀ ಲಾಯರೇ. ಅವಳನ್ನ ನಿಮ್ಮ ಪಾರ್ಟಿಗೆ ಸೇರಿಸ್ಕೊಂಡ್ಬಿಟ್ರಿ."

ನಾನು ಅಳತೆಗೋಲು ಎತ್ತಿಕೊಂಡೆ.

"ಕೇಳಿ," ಎಂದರು.

"ಏನು ಸಾರ್?"

"ಯಾವಾಗ್ಲೂ ಕೇಳ್ತೀರಲ್ಲ, ಅದನ್ನ ಕೇಳಿ."

ಕೇಳಿದೆ. "ಒಬ್ರಾ, ಇಬ್ರಾ?"

ಅವರ ತುಟಿ ಎರಡು ಸಲ ಅಲುಗಿತು, ಸದ್ದು ಬರಲಿಲ್ಲ. ಮೂರನೆಯ ಸಲ ಬಂತು. "ಒಬ್ರು."

ನಾನು ಕೂತು ಟ್ಯೂಬಿನ ಬಾಯಿ ಒತ್ತಿದೆ. ಗಾಳಿ ಹೊರಟಿತು. ಅವರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಹೊರಬರುವ ಗಾಳಿಗೆ ಅಂಗೈ ಒಡ್ಡಿದರು. ಎರಕದ ಬೆಂಕಿಗೆ ಸುಟ್ಟು ಕಪ್ಪಾದ, ದಪ್ಪ ಅಂಗೈ.

"ಇಷ್ಟು ತಣ್ಣಗಿರುತ್ತಾ?" ಎಂದರು.

"ಹೊರಗೆ ಬರುವಾಗ ತಣ್ಣಗಾಗುತ್ತೆ ಸಾರ್."

ಅಳತೆ ನೋಡಲು ನಾನು ಮಧ್ಯೆ ಮಧ್ಯೆ ನಿಲ್ಲಿಸಿದಾಗಲೂ ಅವರು ಕೈ ತೆಗೆಯಲಿಲ್ಲ. ಇಪ್ಪತ್ತೆರಡಕ್ಕೆ ಬಂದಾಗ ನಾನು ಬಿಟ್ಟೆ. ಅವರು ಮುಷ್ಟಿ ಮುಚ್ಚಿ ಎದ್ದರು.

ಅವರು ಮತ್ತೆ ಬೀಳಲಿಲ್ಲ. ಆಮೇಲೂ ತಿಂಗಳಿಗೊಂದೆರಡು ಸಲ ಗಾಳಿಗೆ ಬರುತ್ತಿದ್ದರು. ನಾನು ಕೇಳುವುದಕ್ಕೂ ಬಿಡದೆ, ಗಾಡಿ ನಿಲ್ಲಿಸುತ್ತಲೇ "ಒಬ್ರು" ಎನ್ನುತ್ತಿದ್ದರು. ರಜೆಗೆ ಎಲ್ಲಿಗೂ ಹೋಗುತ್ತಿರಲಿಲ್ಲ. ಕಾರ್ಖಾನೆ, ಮನೆ, ಸಂತೆ. ಪಂಪನ್ನು ಗಾಡಿಗೆ ಸಿಕ್ಕಿಸಿಕೊಂಡಿದ್ದರು.

ಈಗ ತಂಗಿಯ ಮಗನ ಅಂಗಡಿಯ ಯಂತ್ರ ಅಂಕಿ ಒತ್ತಿದರೆ ತಾನೇ ತುಂಬಿ ತಾನೇ ನಿಲ್ಲುತ್ತದೆ. ಒಳ್ಳೆಯದೇ, ಹೆಬ್ಬೆಟ್ಟಿಗಿಂತ ಎಷ್ಟೋ ಮೇಲು. ಆದರೆ ಅಂಕಿ ಒತ್ತುವ ಮುನ್ನ ಕೇಳು, ಮಗನೇ. ಕೇಳಿದ ಮೇಲೆ ಎದುರಿನವನು ಬಾಯಿ ತೆರೆಯುವ ತನಕ ಕಾಯಿ. ಕೆಲವರಿಗೆ ತಡವಾಗುತ್ತದೆ.

ಮುಂದೆ ಒಂದು ದಿನ ಶಂಕರಪ್ಪನವರ ಆ ಟೈರೂ ಸವೆದು ಬದಲಾವಣೆಗೆ ಬಂತು. ಚಕ್ರ ಕಳಚಿ, ಲಿವರ್ ಹಾಕುವ ಮುನ್ನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ನಡುವೆ ಬೋಳಿಲ್ಲ, ಅಂಚಿನಲ್ಲಿ ಉಳಿಕೆಯಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಬಟನ್‌ಗಳೆಲ್ಲ ಒಂದೇ ಸಮನೆ ಸವೆದಿದ್ದವು. ಕಸುಬು ಕಲಿಯುವವರಿಗೆ ತೋರಿಸಲು ಗೋಡೆಗೆ ತೂಗುಹಾಕಬೇಕಾದಂಥ ಟೈರು. ಅಷ್ಟು ದಿನವೂ ಅದರ ಮೇಲೆ ಒಬ್ಬರೇ ಕೂತಿದ್ದರು, ಒಂದು ದಿನವೂ ತಪ್ಪದೆ.

"ಹೆಂಗಿದೆ?" ಎಂದರು, ಬೆಂಚಿನ ಮೇಲಿಂದ.

"ಸರಿಯಾಗಿದೆ ಸಾರ್."

"ಹಂಗಾದ್ರೆ ನೀವೇ ಗೆದ್ರಿ, ಲಾಯರೇ."

ಲಿವರ್ ನನ್ನ ಕೈಯಲ್ಲಿತ್ತು. ಬಾಯಿ ಮುಚ್ಚಿಕೊಂಡೆ.